ಬಾಯಲ್ಲಿ ಕೊಬ್ಬರಿ, ಕೈಯಲ್ಲಿ ದಾರ

ನನ್ನ ಹೆಸರು ಉಗ್ರಪ್ಪ. ನನ್ನನ್ನು ನೋಡುವ ಮೊದಲೇ ಹೆಸರು ಗೊತ್ತುಮಾಡಿದ್ದರು ಅಂತ ಕಾಣುತ್ತದೆ. ದಾರಿಯಲ್ಲಿ ಹುಂಜ ಎದುರಾದರೆ ಪಕ್ಕಕ್ಕೆ ಸರಿದು ನಿಲ್ಲುವ ಆಸಾಮಿ ನಾನು. ಕಸುಬು ಮಿಕ್ಸಿ, ಫ್ಯಾನು, ನೀರಿನ ಮೋಟರು ರಿಪೇರಿ. ಯಾರೂ ಕಲಿಸಲಿಲ್ಲ. ಮನೆಯ ಫ್ಯಾನು ಬಿಚ್ಚಿ, ಅಪ್ಪನ ಕೈಯಲ್ಲಿ ಒದೆ ತಿಂದು, ಅದನ್ನು ಮತ್ತೆ ಜೋಡಿಸುವಷ್ಟರಲ್ಲಿ ವಿದ್ಯೆ ಬಂತು. ಸೋಮವಾರದಿಂದ ಶನಿವಾರದ ತನಕ ಹೀಗೆ. ಭಾನುವಾರ ಮಾತ್ರ ನಾನು ಪೈಲಟ್ಟು.

ನಗಬೇಡಿ. ವಿಮಾನ ಇದೆ. ಒಂದು ಮೊಳಕ್ಕಿಂತ ಸ್ವಲ್ಪ ಉದ್ದ, ಪ್ಲಾಸ್ಟಿಕ್ಕಿನದು, ಮೂಗಿನಲ್ಲಿ ಹೆಬ್ಬೆರಳಿನಷ್ಟು ದೊಡ್ಡ ನಿಜವಾದ ಇಂಜಿನ್ನು. ಅದರ ರೆಕ್ಕೆಯಿಂದ ಎರಡು ದಾರ ಹೊರಟು, ಮೂವತ್ತು ಅಡಿ ದೂರದಲ್ಲಿ ನಿಂತವನ ಕೈಯ ಹಿಡಿಕೆಗೆ ಬಂದು ಸೇರುತ್ತವೆ. ಮಣಿಕಟ್ಟನ್ನು ಮೇಲೆ ಓರೆ ಮಾಡಿದರೆ ವಿಮಾನ ಏರುತ್ತದೆ, ಕೆಳಗೆ ಮಾಡಿದರೆ ಇಳಿಯುತ್ತದೆ. ಉಳಿದಂತೆ ಅದು ನಿಮ್ಮ ಸುತ್ತ ಸುತ್ತುತ್ತಲೇ ಇರುತ್ತದೆ, ಅದನ್ನು ನೋಡುತ್ತ ನೀವೂ ತಿರುಗುತ್ತಲೇ ಇರುತ್ತೀರಿ. ನಿಲ್ಲಿಸುವ ಸ್ವಿಚ್ಚು ಇಲ್ಲ. ಎಣ್ಣೆ ಮುಗಿಯಬೇಕು, ಅಷ್ಟೇ. ಕೈಬಿಟ್ಟು ಓಡೋಣವೆಂದರೆ ಅದು ಹೋಗಿ ಯಾರ ಮೂತಿಗೆ ಬಡಿಯುತ್ತದೋ ದೇವರೇ ಬಲ್ಲ.

ಬೇರೆ ಊರಿನಲ್ಲಿ ಇದು ಸಂಭಾವಿತರ ಹವ್ಯಾಸವಂತೆ. ನಮ್ಮೂರಿನಲ್ಲಿ ಇದನ್ನು ಹಿಡಿದವರಿಗೆ ತಲೆ ನೆಟ್ಟಗಿಲ್ಲ ಎನ್ನುತ್ತಾರೆ. ಯಾಕೆಂದರೆ ನಮ್ಮೂರಿನಲ್ಲಿ ಯಾರ ಸುತ್ತ ಏನೇ ಮೂರು ಸುತ್ತು ಬಂದರೂ, ನಡುವೆ ಇದ್ದವರ ಹೊಟ್ಟೆಯೊಳಗಿನ ನಿಜ ಬಾಯಿಗೆ ಬಂದುಬಿಡುತ್ತದೆ. ತಡೆಯಲು ಆಗುವುದಿಲ್ಲ, ಬಿಕ್ಕಳಿಕೆಯ ಹಾಗೆ. ಅದಕ್ಕೇ ನಮ್ಮಲ್ಲಿ ಕ್ಷೌರದವನು ಗಿರಾಕಿಯ ಸುತ್ತ ಓಡಾಡುವುದಿಲ್ಲ. ತಾನು ನಿಂತಲ್ಲೇ ನಿಂತು ಕುರ್ಚಿಯನ್ನು ತಿರುಗಿಸುತ್ತಾನೆ. ದೊಡ್ಡ ಸರ್ಕಲ್ಲಿನ ಪೊಲೀಸಿನವರು ಬಾಯಿಂದ ಸೀಟಿ ತೆಗೆಯುವುದಿಲ್ಲ. ಮದುವೆಯಲ್ಲಿ ಆರತಿ ಎತ್ತುವ ಮೊದಲು ಹುಡುಗ ಹುಡುಗಿ ಇಬ್ಬರ ಬಾಯಿಗೂ ಒಂದೊಂದು ಇಡೀ ಬಾಳೆಹಣ್ಣು ತುರುಕುತ್ತಾರೆ. ನನ್ನ ಷಡ್ಡಕನ ಮದುವೆಯಲ್ಲಿ ಏಲಕ್ಕಿ ಬಾಳೆ ಕೊಟ್ಟು ಕೆಟ್ಟರು. ಅದು ಎರಡೇ ತುತ್ತಿಗೆ ಮುಗಿದು, ಅವನು "ಹುಡುಗಿ ಚೆನ್ನಾಗವ್ಳೆ, ಪೇಟ ಕಡೀತೈತೆ, ಮಾವನ್ನ ಕಂಡ್ರೆ ಮೈಯೆಲ್ಲ ಉರೀತೈತೆ" ಎಂದುಬಿಟ್ಟ. ಮಾವ ಇವತ್ತಿಗೂ ಅವನ ಮನೆಯಲ್ಲಿ ನೀರು ಕುಡಿಯುವುದಿಲ್ಲ.

ಇಂಥ ಊರಿಗೆ, ಸುತ್ತುವ ವಿಮಾನ. ಮೂವತ್ತು ವರ್ಷದ ಹಿಂದೆ ಸಂತೆಪೇಟೆಯ ಬೊಂಬೆ ಅಂಗಡಿಯವರು ರೈಲು ತರಿಸಲು ಹೋಗಿ, ಪಟ್ಟಿಯಲ್ಲಿ ತಪ್ಪು ಸಾಲಿಗೆ ಗುರುತು ಹಾಕಿ ಹನ್ನೆರಡು ಪೆಟ್ಟಿಗೆ ವಿಮಾನ ತರಿಸಿಕೊಂಡರು. ಊರಿನವರು ಪೆಟ್ಟಿಗೆಯ ಮೇಲಿನ ಚಿತ್ರ ನೋಡಿದರು, ನಡುವೆ ನಿಂತು ನಗುತ್ತಿರುವ ಬಿಳಿಯ ಹುಡುಗನನ್ನು ನೋಡಿದರು, "ಅಯ್ಯೋ ಪಾಪ" ಎಂದು ಹೊರಟುಹೋದರು. ಕೊಂಡವರು ಮೂರೇ ಜನ: ಡ್ರಿಲ್ ಮೇಷ್ಟ್ರು ಮೋಸೆಸ್, ಟೈಲರ್ ಮೈಲಾರಿ, ಮತ್ತು ನಾನು. ಆ ಮೂವರೇ ಸಂಘ. ಮೋಸೆಸ್ ಮೇಷ್ಟ್ರು ಕಾರ್ಯದರ್ಶಿ, ಏಕೆಂದರೆ ಅವರ ಹತ್ತಿರ ರಬ್ಬರ್ ಸ್ಟಾಂಪು ಮಾಡಿಸುವ ಪರಿಚಯವಿತ್ತು.

ನಾವು ಕಂಡುಕೊಂಡ ಉಪಾಯ ಕೊಬ್ಬರಿ. ಒಣಗಿ ಗಿಟಕಾದ ಕೊಬ್ಬರಿಯ ಹೋಳನ್ನು ದವಡೆಗೆ ಅಡ್ಡಲಾಗಿ ಕಚ್ಚಿ ನಿಂತರೆ ನಾಲಿಗೆ ಅಲ್ಲಾಡುವುದಿಲ್ಲ. ಇಂಜಿನ್ನಿನ ಎಣ್ಣೆ ಮೂರು ನಿಮಿಷ. ಮೂರು ನಿಮಿಷ ಬಾಯೊಳಗೆ "ಊಂ ಊಂ" ಎಂದು ನಿಜ ಒದ್ದಾಡುತ್ತದೆ, ವಿಮಾನ ಇಳಿದ ಮೇಲೆ ಒಳಕ್ಕೇ ಹೋಗಿ ಮಲಗುತ್ತದೆ. ಟವೆಲ್ಲು ಕಚ್ಚಿಕೊಳ್ಳಬಹುದಿತ್ತು. ಆದರೆ ಟವೆಲ್ಲು ಕಚ್ಚಿದವನು ಬಾಯಿಕುಕ್ಕೆ ಹಾಕಿದ ಎತ್ತಿನ ಹಾಗೆ ಕಾಣುತ್ತಾನೆ, ಪೈಲಟ್ಟಿನ ಹಾಗೆ ಕಾಣುವುದಿಲ್ಲ. ಯಾರ ಹೋಳು ಎಷ್ಟು ದೊಡ್ಡದೆಂದು ಕೇಳಬಾರದು ಎಂಬುದು ನಮ್ಮ ಮೂವರ ಮರ್ಯಾದೆ. ಕೇಳಿದ್ದರೆ ಕಳೆದ ಹನ್ನೊಂದು ವರ್ಷದಿಂದ ಎಲ್ಲಕ್ಕಿಂತ ದೊಡ್ಡ ಹೋಳು ನನ್ನದೇ ಎಂದು ತಿಳಿಯುತ್ತಿತ್ತು.

ಆ ಕಥೆ ಹೇಳಿಬಿಡುತ್ತೇನೆ. ಮೈಲಾರಿಯ ಕೈ ಅಂಥಿಂಥ ಕೈಯಲ್ಲ. ಸೀಮೆಸುಣ್ಣದ ಗೆರೆ ಹಾಕದೆ ಜುಬ್ಬ ಕತ್ತರಿಸುತ್ತಿದ್ದ. ಅವನ ನೀಲಿ ವಿಮಾನ ನೆಲದಿಂದ ಗೇಣೆತ್ತರದಲ್ಲಿ ಹುಲ್ಲು ಸವರಿಕೊಂಡು ಸುತ್ತುತ್ತಿತ್ತು, ಹಾಗೇ ಮೇಲೆದ್ದು ಪಲ್ಟಿ ಹೊಡೆಯುತ್ತಿತ್ತು. ನಾನು ಹಾರಿಸಿದರೆ ಜನ ತಲೆ ತಗ್ಗಿಸುತ್ತಿದ್ದರು. ಅವನು ಹಾರಿಸಿದರೆ ತಲೆ ಎತ್ತುತ್ತಿದ್ದರು. ನನಗೆ ಹೊಟ್ಟೆಕಿಚ್ಚು. ಹನ್ನೊಂದು ವರ್ಷದ ಹಿಂದೆ, ಸಂಘದ ವಾರ್ಷಿಕೋತ್ಸವಕ್ಕೆ ಎರಡು ದಿನ ಮುಂಚೆ, ಇಂಜಿನ್ನು ತೊಳೆದುಕೊಡು ಎಂದು ಅವನು ನೀಲಿಯನ್ನು ನನ್ನ ಅಂಗಡಿಯಲ್ಲಿ ಬಿಟ್ಟುಹೋದ. ಇಂಜಿನ್ನೇನೋ ತೊಳೆದೆ. ಆಮೇಲೆ, ಒಂದೇ ಒಂದು ಪಲ್ಟಿ ನಾನೂ ಹೊಡೆಸಿ ನೋಡೋಣವೆಂದು ಬೆಳಿಗ್ಗೆ ಯಾರೂ ಏಳುವ ಮೊದಲೇ ಮೈದಾನಕ್ಕೆ ಹೋದೆ. ಅರ್ಧ ಪಲ್ಟಿ ಚೆನ್ನಾಗಿಯೇ ಬಂತು. ಉಳಿದರ್ಧಕ್ಕೆ ನೆಲ ಅಡ್ಡ ಬಂತು.

ಹಳೆಯ ಪ್ಲಾಸ್ಟಿಕ್ಕು ಹಪ್ಪಳದ ಜಾತಿಯದು. ರೆಕ್ಕೆಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಗೋಂದು ತುಂಬಿದೆ, ಒಣಗಿಸಿದೆ, ಮೇಲೆ ಒಂದು ಚಂದದ ಹದ್ದಿನ ಸ್ಟಿಕ್ಕರು ಅಂಟಿಸಿ, "ಶೋಭೆಗಿರಲಿ ಅಂತ ಹಾಕಿದೆ" ಎಂದು ಕೊಟ್ಟೆ. "ನಿನ್ ಪ್ರೀತಿ ದೊಡ್ದು ಕಣಲೇ" ಎಂದ ಮೈಲಾರಿ. ವಾರ್ಷಿಕೋತ್ಸವದಲ್ಲಿ ಊರೆಲ್ಲ ನೋಡುತ್ತಿರುವಾಗ ನೀಲಿ ಪಲ್ಟಿಗೆ ಎದ್ದಿತು. ರೆಕ್ಕೆ ಒಂದು ಕಡೆ, ಮೈ ಒಂದು ಕಡೆ. ಬಿದ್ದ ಚೂರುಗಳನ್ನು ಅವನು ಟೋಪಿಯಲ್ಲಿ ಆರಿಸಿಕೊಂಡು ಬಂದ. ಬಾಯಲ್ಲಿದ್ದ ಕೊಬ್ಬರಿ ಉಗಿದು, ತನ್ನ ಬಲಗೈಯನ್ನೇ ನೋಡುತ್ತ, "ಕೈ ನಡುಗಿರ್ಬೇಕು ಕಣೋ ಉಗ್ರ" ಎಂದ.

ಆಗ ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು. ಹೇಳಿದ್ದು ಏನು ಗೊತ್ತೇ? "ಏನ್ ಮಾಡಕ್ಕಾಗುತ್ತೆ, ವಯಸ್ಸು." ಅವನಿಗೆ ಆಗ ಮೂವತ್ತೊಂಬತ್ತು.

ಅವತ್ತಿನಿಂದ ಮೈಲಾರಿ ಹಿಡಿಕೆ ಮುಟ್ಟಲಿಲ್ಲ. ಅಷ್ಟೇ ಆಗಿದ್ದರೆ ನಾನು ಹೇಗೋ ನುಂಗಿಕೊಳ್ಳುತ್ತಿದ್ದೆ. ಅವನು ಕತ್ತರಿಯನ್ನೂ ಮುಟ್ಟಲಿಲ್ಲ. "ನಡುಗೋ ಕೈಲಿ ಜನರ ಬಟ್ಟೆ ಕೆಡಿಸ್ಬಾರ್ದು" ಎಂದು ಬಟ್ಟೆ ಕತ್ತರಿಸುವುದನ್ನು ಹೆಂಡತಿ ಹಾಲಮ್ಮನಿಗೆ ಬಿಟ್ಟು, ತಾನು ಕಾಜಾ ಗುಂಡಿಗೂ ಇಸ್ತ್ರಿಗೂ ಕೂತ. ಗುಂಡಿ ಹೊಲಿಯುವಾಗ ಕೈ ನಡುಗುತ್ತಿರಲಿಲ್ಲ, ನಾನೇ ನೋಡಿದ್ದೇನೆ. ಆದರೆ ಹೇಳುವವರು ಯಾರು? ಅವನು ಬಿಟ್ಟದ್ದರಿಂದ ಸಂಘದಲ್ಲಿ ನಾನೇ ನಂಬರ್ ಒನ್ ಆಗಿದ್ದೆ. ಉಳಿದಿದ್ದವರು ಇಬ್ಬರೇ, ಅದರಲ್ಲಿ ಮೋಸೆಸ್ ಮೇಷ್ಟ್ರಿಗೆ ಎರಡು ಸುತ್ತಿಗೆ ವಾಂತಿ. ಆದರೂ "ಉಗ್ರಪ್ಪನ ಕೈ ನೋಡ್ರಿ" ಎಂದು ಯಾರಾದರೂ ಅಂದರೆ ಎರಡು ದಿನ ಊಟ ರುಚಿಸುತ್ತಿತ್ತು.

ಈ ವರ್ಷ ನನ್ನ ಹಲ್ಲು ಉದುರಿದವು. ಒಂದೊಂದಾಗಿ ಅಲ್ಲ, ಗುಂಪಾಗಿ ರಾಜೀನಾಮೆ ಕೊಟ್ಟವು. ಹೊಸ ಸೆಟ್ಟು ಕಟ್ಟಿಸಿಕೊಂಡೆ. ಅದರಲ್ಲಿ ಕೊಬ್ಬರಿ ಕಚ್ಚಿದರೆ ಕೊಬ್ಬರಿ ಹಾಗೇ ಇರುತ್ತದೆ, ಸೆಟ್ಟು ಕೈಗೆ ಬರುತ್ತದೆ. ಒಂದು ವಾರ ಯೋಚನೆ ಮಾಡಿ ಕಲ್ಲುಸಕ್ಕರೆ ಕಂಡುಹಿಡಿದೆ. ನಿಂಬೆಹಣ್ಣಿನಷ್ಟು ದಪ್ಪದ ಹೆಂಟೆಯನ್ನು ಬಾಯಿಗೆ ಹಾಕಿಕೊಂಡು, ಗಡಿಯಾರ ಮುಂದಿಟ್ಟುಕೊಂಡು ಅಡುಗೆಮನೆಯಲ್ಲಿ ಕೂತೆ. ಮಾತಾಡುವಷ್ಟು ಕರಗಲು ಐದು ನಿಮಿಷ ಹಿಡಿಯಿತು. ಎಣ್ಣೆ ಮೂರು ನಿಮಿಷ. ಎರಡು ನಿಮಿಷ ಲಾಭ. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

"ಈ ವಯಸ್ಸಲ್ಲಿ ಸಕ್ಕರೆ ಚೀಪ್ತಾ ಗಡಿಯಾರ ನೋಡೋ ಗಂಡಸು ಇಡೀ ಪ್ರಪಂಚಕ್ಕೆ ನೀವೊಬ್ರೇ ಇರ್ಬೇಕು ಕಣ್ರಿ" ಎಂದಳು ನನ್ನ ಹೆಂಡತಿ ಕೊಟ್ರಮ್ಮ.

ಸಂಘಕ್ಕೆ ಮೂವತ್ತು ತುಂಬಿದ್ದೂ ಇದೇ ವರ್ಷ. ಮೋಸೆಸ್ ಮೇಷ್ಟ್ರು ದೊಡ್ಡ ಕಾರ್ಯಕ್ರಮ ಇಟ್ಟುಕೊಂಡರು; ಹಿರಿಯ ಹಾರಾಟಗಾರ ಉಗ್ರಪ್ಪನವರಿಗೆ ಬೆಳ್ಳಿ ಬಣ್ಣದ ಕಪ್ಪು ಬಹುಮಾನ. ಹಿಂದಿನ ದಿನ ಮೈಲಾರಿ ಅಂಗಡಿಗೆ ಬಂದ. ಸ್ಟೂಲಿನ ಮೇಲೆ ಕೂತು, ಬಹಳ ಹೊತ್ತು ಒಂದು ಮಿಕ್ಸಿಯ ಮುಚ್ಚಳ ತಿರುಗಿಸಿದ.

"ಅಂಗಡಿ ಮುಚ್ತಿದೀನಿ ಕಣೋ. ಹಾಲಮ್ಮಂಗೆ ಕಣ್ಣು ಮಂಜು. ಮೊನ್ನೆ ಎರಡು ಬ್ಲೌಸು ಕೆಡಿಸಿ ಅತ್ಲು. ಕತ್ತರ್ಸೋರು ಇಲ್ದ ಮೇಲೆ ಟೈಲರ್ ಅಂಗಡಿ ಯಾಕೆ? ಬೋರ್ಡು ಸೋಮವಾರ ಇಳಿಸ್ತೀನಿ."

ಹನ್ನೊಂದು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಸಮಯ ಸಿಕ್ಕಿರಲಿಲ್ಲ. ನಾನು ಗಂಟಲು ಸರಿಮಾಡಿಕೊಂಡೆ. "ಆರಾಮಾಗಿರು ಬಿಡು" ಎಂದೆ. "ದುಡಿದಿದ್ದು ಸಾಕು."

"ಅದೂ ಸರೀನೇ. ನಾಳೆ ನೀನು ಹಾರಿಸೋವಾಗ ಅಂಚಲ್ಲಿ ವಿಮಾನ ಹಿಡಿದು ಬಿಡೋದು ನಾನೇ ಕಣಲೇ. ಮೇಷ್ಟ್ರು ಕೇಳಿದ್ರು. ಕೊನೇ ಸಲ ಮುಟ್ಟಿದಂಗಾಗುತ್ತೆ" ಎಂದು ಎದ್ದುಹೋದ.

ಅವನ ಬೆನ್ನು ನೋಡುತ್ತ ಕೂತವನಿಗೆ ಪಶ್ಚಾತ್ತಾಪ ಆಗಬೇಕಿತ್ತು. ಆಯಿತು ಕೂಡ, ಸುಮಾರು ಒಂದು ಲೋಟ ಟೀ ಕುಡಿಯುವಷ್ಟು ಹೊತ್ತು. ಆಮೇಲೆ ಕಪ್ಪಿನ ನೆನಪಾಯಿತು. ಊರೆಲ್ಲ ಸೇರುತ್ತದೆ, ಮೂರೇ ನಿಮಿಷ ಹಾರಿಸಿದರೆ ಏನು ಚಂದ? ಕಣ್ಣಿಗೆ ಬಿಡುವ ಔಷಧದ ಖಾಲಿ ಬಾಟಲಿಯೊಂದನ್ನು ನನ್ನ ಕೆಂಪು ವಿಮಾನದ ಹೊಟ್ಟೆಗೆ ಕಟ್ಟಿ, ಸಣ್ಣ ಕೊಳವೆ ಹಾಕಿ, ಎಣ್ಣೆಯ ಜಾಗ ಹೆಚ್ಚಿಸಿದೆ. ಒಂಬತ್ತು ನಿಮಿಷ! ಸಂಘದ ಚರಿತ್ರೆಯಲ್ಲೇ ಇಲ್ಲ. ಸಂತೋಷದಲ್ಲಿ ಕೊಟ್ರಮ್ಮನಿಗೂ ತೋರಿಸಿದೆ. ಕಲ್ಲುಸಕ್ಕರೆಯ ಲೆಕ್ಕ ಅಡುಗೆಮನೆಯಲ್ಲಿತ್ತು, ಬಾಟಲಿಯ ಲೆಕ್ಕ ಅಂಗಡಿಯಲ್ಲಿತ್ತು. ಎರಡನ್ನೂ ಒಂದೇ ತಲೆಯಲ್ಲಿ ತಂದು ಕೂಡಿಸುವುದು ನನಗೆ ಹೊಳೆಯಲೇ ಇಲ್ಲ.

ಮೈದಾನದಲ್ಲಿ ಜನವೋ ಜನ. ಸುಣ್ಣದ ದೊಡ್ಡ ವೃತ್ತ ಹಾಕಿ, ಅದರ ಆಚೆ ಸುತ್ತಲೂ ಬೆಂಚು. ಹಾಲಮ್ಮ, ಕೊಟ್ರಮ್ಮ ಮುಂದಿನ ಸಾಲಿನಲ್ಲಿ. ಮೋಸೆಸ್ ಮೇಷ್ಟ್ರು ಮೈಕಿನಲ್ಲಿ ನನ್ನನ್ನು ಗರುಡ, ಗಂಡಭೇರುಂಡ ಎಂದೆಲ್ಲ ಅಂದರು. ನಾನು ಹೆಂಟೆ ಬಾಯಿಗೆ ಹಾಕಿಕೊಂಡು ನಡುವೆ ಹೋಗಿ ನಿಂತೆ. ಮೈಲಾರಿ ವೃತ್ತದ ಅಂಚಿನಲ್ಲಿ ಮಂಡಿಯೂರಿ ಕೆಂಪನ್ನು ಹಿಡಿದ. ಸ್ಪಿರಿಟ್ಟು, ಸುಟ್ಟ ಹರಳೆಣ್ಣೆಯ ವಾಸನೆ ಎದ್ದಿತು. ಇಂಜಿನ್ನು ಕಣಜದ ಹಾಗೆ ಚೀರಿತು. ಅವನು ಬಿಟ್ಟ. ಹೂವಿನ ಎಸಳು ಬಿಟ್ಟ ಹಾಗೆ ಬಿಟ್ಟ. ನನ್ನ ವಿಮಾನ ಅಷ್ಟು ನೇರವಾಗಿ ಎಂದೂ ಎದ್ದಿರಲಿಲ್ಲ.

ಮೂರು ನಿಮಿಷ ಆಯಿತು. ಮೇಷ್ಟ್ರು ಮೈಕಿನಲ್ಲಿ, "ಮೂರು ನಿಮಿಷ! ಇನ್ನೂ ಹಾರ್ತಾ ಇದೆ ಮಹಾಜನಗಳೇ!" ಎಂದರು. ಚಪ್ಪಾಳೆ. ನಾನು ಎದೆ ಉಬ್ಬಿಸಿದೆ. ನಾಲ್ಕು ನಿಮಿಷ. ಬಾಯಲ್ಲಿದ್ದ ನಿಂಬೆಹಣ್ಣು ಗೋಲಿಯಾಗಿತ್ತು. ಆಗ, ಅಡುಗೆಮನೆಯೂ ಅಂಗಡಿಯೂ ಮೊದಲ ಸಲ ನನ್ನ ತಲೆಯಲ್ಲಿ ಭೇಟಿಯಾದವು. ಜೊಲ್ಲು ನುಂಗದೆ ನಿಂತೆ. ಜೊಲ್ಲು ಕೂಡಿದಷ್ಟೂ ಸಕ್ಕರೆ ಬೇಗ ಕರಗುತ್ತದೆ ಎಂಬುದು ಅವತ್ತು ಕಲಿತ ವಿದ್ಯೆ. ಗೋಲಿ ಕಡಲೆಯಾಯಿತು, ಕಡಲೆ ಸಾಸಿವೆಯಾಯಿತು. ಬಾಯಿ ತೆರೆಯಿತು.

"ಈ ಕಪ್ಪು ನಾನೇ ಆರ್ಸಿ ಮೇಷ್ಟ್ರ ಕೈಗೆ ಕೊಟ್ಟಿದ್ದು!" ಎಂದು ಕೂಗಿದೆ. ಕೂಗಿದ್ದು ನಾನಲ್ಲ, ಬಾಯಿ. ತಿರುಗುತ್ತಲೇ ಇದ್ದದ್ದರಿಂದ ಅದು ಹುಣಸೆಮರದ ಕಡೆ ಕೂತವರಿಗೆ ಮಾತ್ರ ಕೇಳಿಸಿತು. ಮುಂದಿನ ಸುತ್ತಿಗೆ ಹೆಂಡತಿಯ ಎದುರು ಬಂದೆ. "ಕೊಟ್ರೀ, ನಿನ್ ಹಾಗಲಕಾಯಿ ಗೊಜ್ಜು ನಾನು ಒಂದಿನಾನೂ ತಿಂದಿಲ್ಲ! ಎಲ್ಲಾ ಎಮ್ಮೆಗೆ ಹಾಕಿದೀನಿ!"

"ಅದ್ಕೇನಾ ಹಾಲು ಕಹಿ!" ಎಂದು ಕೊಟ್ರಮ್ಮ ಬೆಂಚಿನಿಂದ ಎದ್ದೇ ನಿಂತಳು.

ಜನ ಬಿದ್ದು ಬಿದ್ದು ನಗುತ್ತಿದ್ದರು. ನನಗೆ ಗೊತ್ತಿತ್ತು, ಇದೆಲ್ಲ ಮೇಲಿನ ನೊರೆ; ತಳದಲ್ಲಿರುವುದು ಈಗ ಮೇಲೆ ಬರುತ್ತದೆ. ಕೈಬಿಟ್ಟುಬಿಡಲೇ ಎನಿಸಿತು. ಸುತ್ತ ನೋಡಿದರೆ ಎಲ್ಲೆಲ್ಲೂ ಮುಖ. ಮೈಲಾರಿಯ ಕಡೆ ತಿರುಗಿದಾಗ ಬಾಯಿ, "ಮೈಲಾರೀ, ಆ ನೀಲಿ ರೆಕ್ಕೆ..." ಎಂದಿತು. ಅಷ್ಟರಲ್ಲಿ ವಿಮಾನ ನನ್ನನ್ನು ಆಚೆ ಎಳೆಯಿತು. "...ನಾನೇ ಮುರಿದಿದ್ದು!" ಎಂಬುದು ಹಾಲಮ್ಮನ ಕಡೆಯವರಿಗೆ ಕೇಳಿಸಿತು. "ಕದ್ದು ಹಾರಿಸ್ದೆ!" ಹುಣಸೆಮರದವರಿಗೆ. "ಗೋಂದು ಹಾಕಿ ಸ್ಟಿಕ್ಕರ್ ಅಂಟಿಸ್ದೆ!" ಮೈಕಿನವರಿಗೆ. ನಗು ನಿಂತಿತು. "ಏನಂದ? ನಿಮ್ ಕಡೆ ಏನಂದ?" ಎಂದು ಜನ ಬೆಂಚಿನಿಂದ ಬೆಂಚಿಗೆ ಕೇಳಿಕೊಂಡು ತುಂಡು ತುಂಡಾಗಿ ನನ್ನ ಮಾನ ಜೋಡಿಸಿದರು. ಮತ್ತೆ ಮೈಲಾರಿಯ ಎದುರು ಬರುವಷ್ಟರಲ್ಲಿ ನನಗೆ ಕಣ್ಣು ಮಸುಕಾಗಿತ್ತು. "ನಿನ್ ಕೈ ನಡುಗ್ಲಿಲ್ಲ ಕಣೋ. ಯಾವತ್ತೂ ನಡುಗ್ಲಿಲ್ಲ. ನಂಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ನಿದ್ದೆ, ಜನ ನನ್ ಕೈ ನೋಡ್ಲಿ ಅಂತ."

ಅವನು ಎದ್ದ. ದಾರ ತಲೆಯ ಮೇಲೆ ಹಾದುಹೋಗುವುದನ್ನೇ ಕಾದು, ಬಗ್ಗಿ, ವೃತ್ತದೊಳಕ್ಕೆ ಓಡಿಬಂದ. ಹೊಡೆಯುತ್ತಾನೆ ಎಂದುಕೊಂಡೆ. ನಿಜ ಹೇಳುವುದಾದರೆ, ಹೇಳದೆ ಬೇರೆ ದಾರಿಯೂ ಇರಲಿಲ್ಲ, "ಹೊಡೀಬೇಡ ಕಣೋ, ಹಲ್ಲು ಹೊಸದು" ಎಂದು ಬಾಯಿ ಕೂಗಿಯೇಬಿಟ್ಟಿತು. ಅವನು ಹೊಡೆಯಲಿಲ್ಲ. ನನ್ನ ಬೆನ್ನಿಗೆ ಎದೆ ತಾಗಿಸಿ ಎರಡು ಹೆಜ್ಜೆ ನನ್ನ ಜೊತೆ ತಿರುಗಿ, ಕೈಚಾಚಿ ನನ್ನ ಮುಷ್ಟಿಯಿಂದ ಹಿಡಿಕೆ ಬಿಡಿಸಿಕೊಂಡ.

"ಸರಿಯಲೇ ಆಕಡೆ."

ನಾನು ಕುಸಿದು, ಅಂಬೆಗಾಲಿನಲ್ಲಿ ಹೊರಟೆ. ಹನ್ನೊಂದು ವರ್ಷದ ನಂಬರ್ ಒನ್ನು ಊರೆಲ್ಲ ನೋಡುತ್ತಿರುವಾಗ ನಾಲ್ಕು ಕಾಲಿನಲ್ಲಿ ಸುಣ್ಣದ ಗೆರೆ ದಾಟಿತು. ಹಿಂತಿರುಗಿ ನೋಡಿದರೆ ಕೆಂಪು ಒಮ್ಮೆ ಮುಗ್ಗರಿಸಿ ನೆಲದ ಕಡೆ ಬಂತು. ಹಾಲಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಗೇಣೆತ್ತರದಲ್ಲಿ ಅದು ನಿಂತಿತು. ಅಲ್ಲಿಂದ ಅಲುಗಲಿಲ್ಲ. ಹುಲ್ಲು ಸವರಿಕೊಂಡು ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಮೈಲಾರಿಯ ಬಾಯಲ್ಲಿ ಕೊಬ್ಬರಿ ಇರಲಿಲ್ಲ. ಇಡೀ ಮೈದಾನ ಕಿವಿಯಾಗಿ ಕೂತಿತು.

"ನಡುಗ್ತಿಲ್ಲ" ಎಂದ. ಮೆಲ್ಲಗೆ ಅಂದದ್ದು. ಇನ್ನೊಂದು ಸುತ್ತು ಬಂದು, ಹೆಂಡತಿಯ ಎದುರಿಗೆ, ಜೋರಾಗಿ: "ಹಾಲೀ, ನಡುಗ್ತಿಲ್ಲ ಕಣೇ!"

ಆ ಜಾಗದಲ್ಲಿ ನಿಂತು ಸುಳ್ಳು ಹೇಳಲು ಬರುವುದಿಲ್ಲ. ಸಮಾಧಾನಕ್ಕೆ ಹೇಳಲೂ ಬರುವುದಿಲ್ಲ. ಹಾಲಮ್ಮ ಅಳುತ್ತ ನಗುತ್ತಿದ್ದಳು. ನಾನು, ನನ್ನ ಬುದ್ಧಿಗೆ ಏನು ಹೇಳಲಿ, ಅದೇ ಸಮಯ ನೋಡಿ ಗೆರೆಯ ಆಚೆಯಿಂದ ಕೂಗಿದೆ: "ಮೈಲಾರೀ, ಕ್ಷಮಿಸಿದೀಯೇನೋ?"

"ಇಲ್ಲ!" ಎಂದ ಅವನು, ತಡಮಾಡದೆ. ಕೆಂಪು ಪಲ್ಟಿ ಹೊಡೆಯಿತು. ಪೂರ್ತಿ ಪಲ್ಟಿ.

ಎಣ್ಣೆ ಮುಗಿದು ವಿಮಾನ ಇಳಿದ ಮೇಲೆ ಹೊರಗೆ ಬಂದು, ಹಿಡಿಕೆ ನನ್ನ ಕೈಗಿಟ್ಟು, "ಹೋಗ್ಲಿ ಬಿಡೋ ಉಗ್ರ, ಆಗಿದ್ದಾಯ್ತು" ಎಂದ. ಅದು ಗೆರೆಯ ಹೊರಗಿನ ಮಾತು. ಒಳಗಿನದನ್ನು ನಾನು ಆಗಲೇ ಕೇಳಿಯಾಗಿತ್ತು.

ಸೋಮವಾರ ಬೋರ್ಡು ಇಳಿಯಲಿಲ್ಲ. ಕತ್ತರಿ ಸಾಣೆಗೆ ಹೋಯಿತು. ಮೊದಲು ಕತ್ತರಿಸಿದ್ದು ನನ್ನದೇ ಅಂಗಿ; ಒಂದು ತೋಳು ಇನ್ನೊಂದಕ್ಕಿಂತ ನಾಲ್ಕು ಬೆರಳು ಗಿಡ್ಡ. ಕೈ ನಡುಗಿ ಆದದ್ದಲ್ಲ, ಅದು ಎಲ್ಲರಿಗೂ ಗೊತ್ತು. ಅದನ್ನೇ ಹಾಕಿಕೊಂಡು ಓಡಾಡುತ್ತೇನೆ. ಆ ಬಹುಮಾನದ ಕಪ್ಪಿನಲ್ಲೇ ಕೊಟ್ರಮ್ಮ ಹಾಗಲಕಾಯಿ ಗೊಜ್ಜು ಹಾಕಿ ಕೊಡುತ್ತಾಳೆ, ಎದುರಿಗೇ ಕೂತು ತಿನ್ನಿಸುತ್ತಾಳೆ. ಎಮ್ಮೆಯ ಹಾಲು ಈಗ ಸಿಹಿ.

ಕೆಂಪು ವಿಮಾನ ಮೈಲಾರಿಯ ಮನೆ ಸೇರಿತು. ಭಾನುವಾರ ಅವನು ಹಾರಿಸುತ್ತಾನೆ, ನಾನು ಮಂಡಿಯೂರಿ ಬಿಡುತ್ತೇನೆ. ಅವನು ಕೊಬ್ಬರಿ ಕಚ್ಚುತ್ತಿರಲಿಲ್ಲ. "ಮುಚ್ಚಿಡೋದು ಏನಿದೆ ನಂಗೆ?" ಎನ್ನುತ್ತಿದ್ದ. ಬರಿ ಬಾಯಲ್ಲಿ ನಿಂತು, "ಇವತ್ತು ಸಾರು ಹುಳಿಯಾಗಿತ್ತು", "ಮೇಷ್ಟ್ರ ಮೀಸೆ ಬಣ್ಣ ಚೆನ್ನಾಗಿಲ್ಲ" ಎಂದು ಸಣ್ಣಪುಟ್ಟ ನಿಜಗಳನ್ನು ಉದುರಿಸುತ್ತಿದ್ದ. ಮೂರು ಸುತ್ತು ಆಗುವುದನ್ನೇ ಕಾದು ನಾನು ಗೆರೆಯ ಆಚೆಯಿಂದ ಕೂಗುತ್ತಿದ್ದೆ: "ಈಗ?"

"ಇಲ್ಲ."

ಮುಂದಿನ ವಾರ: "ಈಗ?"

"ಇನ್ನೂ ಇಲ್ಲ ಕಣಲೇ."

ಹೀಗೆ ಹದಿನೇಳು ಭಾನುವಾರ. ಜನರಿಗೂ ರೂಢಿಯಾಗಿ, ನಾನು ಬಾಯಿ ತೆರೆಯುವ ಮೊದಲೇ ಹುಣಸೆಮರದ ಕಡೆಯವರು "ಈಗ?" ಎಂದು ಕೂಗುತ್ತಿದ್ದರು.

ಮೊನ್ನೆ ಭಾನುವಾರ ಎಂದಿನಂತೆ ವಿಮಾನ ಹಿಡಿದು ಮಂಡಿಯೂರಿದೆ. ಮೈಲಾರಿ ನಡುವೆ ಹೋಗಿ ನಿಂತ. ಹಿಡಿಕೆ ಎತ್ತಿದ, ಮತ್ತೆ ಇಳಿಸಿದ. ನನ್ನ ಕಡೆ ಒಮ್ಮೆ ನೋಡಿದ. ಆಮೇಲೆ ಜೇಬಿಗೆ ಕೈಹಾಕಿ, ಒಂದು ದೊಡ್ಡ ಕೊಬ್ಬರಿ ಹೋಳು ತೆಗೆದು, ಒರೆಸಿ, ದವಡೆಗೆ ಅಡ್ಡಲಾಗಿ ಕಚ್ಚಿಕೊಂಡ.

ನಾನು ವಿಮಾನ ಬಿಟ್ಟೆ. ಮೂರು ಸುತ್ತು ಆಯಿತು. "ಈಗ?" ಎಂದೆ. ಅವನು "ಊಂ ಊಂ" ಎನ್ನುತ್ತ ತಿರುಗಿದ, ಕಣ್ಣು ವಿಮಾನದ ಮೇಲೆ, ಕೆನ್ನೆ ಉಬ್ಬಿ. ನಾನು ಮತ್ತೆ ಕೇಳಲಿಲ್ಲ. ಯಾರ ಹೋಳು ಎಷ್ಟು ದೊಡ್ಡದೆಂದು ಕೇಳಬಾರದು ಎಂಬುದು ಮೊದಲಿನಿಂದಲೂ ನಮ್ಮ ಸಂಘದ ಮರ್ಯಾದೆ.